ಮೆಲ್ಬರ್ನ್‌ನ ತಂಪು, ಮಿಲ್ಡುರಾದ ಬಿಸಿಲು

ಪ್ರಶ್ನೆ: ಆಸ್ಟ್ರೇಲಿಯಾದ ವಿಕ್ಟೋರಿಯಾ ಸಮಶೀತೋಷ್ಣ ಹವೆಯ ರಾಜ್ಯವೆಂದು ಓದಿದ್ದೇನೆ. ಆದರೆ ಮೆಲ್ಬರ್ನ್‌ನಲ್ಲಿರುವ ನನ್ನ ಮಗಳು ಜನವರಿಯಲ್ಲಿ ಒಂದು ದಿನ ಸುಡುವ ಸೆಕೆಯೆಂದರೆ ಮರುದಿನ ಸ್ವೆಟರ್ ಬೇಕೆನ್ನುತ್ತಾಳೆ. ಅದೇ ರಾಜ್ಯದ ಮಿಲ್ಡುರಾದಲ್ಲಿ ಬಿಸಿಲು ಇನ್ನೂ ಹೆಚ್ಚಂತೆ. ಇದಕ್ಕೆ ಕಾರಣವೇನು? ನಾವು ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?

ಉತ್ತರ: ಸಮಶೀತೋಷ್ಣವೆಂಬುದು ಹಲವು ವರ್ಷಗಳ ಸರಾಸರಿಯನ್ನು ನೋಡಿ ಕೊಟ್ಟ ಹೆಸರೇ ಹೊರತು, ದಿನದಿನವೂ ಹಿತವಾದ ಹವೆ ಇರುತ್ತದೆಂಬ ಭರವಸೆಯಲ್ಲ. ವಿಕ್ಟೋರಿಯಾದ ದಕ್ಷಿಣಕ್ಕೆ ಬಾಸ್ ಜಲಸಂಧಿಯ ತಣ್ಣೀರಿದೆ, ಉತ್ತರಕ್ಕೆ ಖಂಡದ ಒಣ ಒಳನಾಡಿದೆ, ಪೂರ್ವದಲ್ಲಿ ಹಿಮ ಬೀಳುವ ಬೆಟ್ಟಗಳಿವೆ. ಅಲ್ಲಿ ಬೇಸಿಗೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ. ಜನವರಿಯಲ್ಲಿ ಮೆಲ್ಬರ್ನ್‌ನ ಸರಾಸರಿ ಗರಿಷ್ಠ ಉಷ್ಣಾಂಶ ಸುಮಾರು 26 ಡಿಗ್ರಿ ಸೆಲ್ಸಿಯಸ್ ಇದ್ದರೆ, ವಾಯವ್ಯದ ಅಂಚಿನಲ್ಲಿರುವ ಮಿಲ್ಡುರಾದಲ್ಲಿ ಅದು 32ನ್ನು ದಾಟುತ್ತದೆ. ಹೋಥಮ್ ಬೆಟ್ಟದ ಮೇಲಾದರೋ 20ನ್ನೂ ಮುಟ್ಟುವುದಿಲ್ಲ.

ಗಮನಿಸಬೇಕಾದ ಸಂಗತಿಯೆಂದರೆ, ಮೆಲ್ಬರ್ನ್ ಮತ್ತು ಮಿಲ್ಡುರಾಗಳ ಹಗಲಿನ ಈ ಅಂತರ ಚಳಿಗಾಲದಲ್ಲಿ ಬಹುಪಾಲು ಕರಗಿಹೋಗುತ್ತದೆ. ಜುಲೈನಲ್ಲಿ ಎರಡೂ ಊರುಗಳ ಗರಿಷ್ಠ ಉಷ್ಣಾಂಶ 14ರಿಂದ 16 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನೆಲ ಬೇಗ ಕಾಯುತ್ತದೆ, ಬೇಗ ಆರುತ್ತದೆ. ಸಮುದ್ರ ಎರಡರಲ್ಲೂ ನಿಧಾನ. ಹೀಗಾಗಿ ಬೇಸಿಗೆಯಲ್ಲಿ ಕಡಲಂಚನ್ನು ತಂಪಾಗಿಡುವ ನೀರೇ ಚಳಿಗಾಲದ ರಾತ್ರಿಗಳಲ್ಲಿ ಅದನ್ನು ತುಸು ಬೆಚ್ಚಗಿಡುತ್ತದೆ. ಮೋಡವಿಲ್ಲದ ಒಳನಾಡು ಮಾತ್ರ ಹಗಲಿನ ಶಾಖವನ್ನೆಲ್ಲ ಇರುಳಿಗೆ ಬಿಟ್ಟುಕೊಟ್ಟು, ಬೆಳಗಿನ ಹೊತ್ತಿಗೆ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುವಷ್ಟು ತಣ್ಣಗಾಗುತ್ತದೆ.

ನಿಮ್ಮ ಮಗಳು ಹೇಳುವ ಏರಿಳಿತಕ್ಕೆ ಕಾರಣ ಗಾಳಿಯ ದಿಕ್ಕು. ಬೇಸಿಗೆಯಲ್ಲಿ ಉತ್ತರದ ಗಾಳಿ ಒಳನಾಡಿನ ಬೇಗೆಯನ್ನು ನೇರವಾಗಿ ಮೆಲ್ಬರ್ನ್‌ಗೆ ಹೊತ್ತು ತರುತ್ತದೆ. ಅದರ ಬೆನ್ನಿಗೇ ನೈಋತ್ಯದಿಂದ ಕಡಲ ತಂಗಾಳಿ ನುಗ್ಗಿದರೆ, ಒಂದೆರಡು ಗಂಟೆಗಳೊಳಗೆ ಉಷ್ಣಾಂಶ 10ರಿಂದ 15 ಡಿಗ್ರಿ ಇಳಿದುಬಿಡಬಹುದು. ಅಲ್ಲಿನವರು ಇದನ್ನು ‘ಕೂಲ್ ಚೇಂಜ್’ ಎಂದು ಕಾದು ಕುಳಿತಿರುತ್ತಾರೆ. ಆದರೆ ಕಾಡ್ಗಿಚ್ಚಿನ ದಿನ ಈ ತಿರುವೇ ಅಪಾಯ. 2009ರ ಫೆಬ್ರವರಿ 7ರಂದು ಇದೇ ರಾಜ್ಯದ ಹೋಪ್‌ಟೌನ್ ಎಂಬ ಊರಿನಲ್ಲಿ 48.8, ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ ದಾಖಲಾಗಿತ್ತು. ಸಂಜೆ ಗಾಳಿ ದಿಕ್ಕು ಬದಲಿಸಿದಾಗ ಬೆಂಕಿಯ ಉದ್ದನೆಯ ಪಕ್ಕೆಯೇ ಮುಂಭಾಗವಾಗಿ ಹೊರಳಿತು. ಆ ಕಾಡ್ಗಿಚ್ಚುಗಳಲ್ಲಿ 173 ಜನ ಪ್ರಾಣ ಕಳೆದುಕೊಂಡರು. ಬೇಸಿಗೆಯಲ್ಲಿ ಹೊರಡುವವರು ಬೆಂಕಿಯ ಎಚ್ಚರಿಕೆಗಳನ್ನು ಹಗುರವಾಗಿ ಎಣಿಸಬಾರದೆಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ನನ್ನ ಸಲಹೆ ಮಾರ್ಚ್ ಮತ್ತು ಏಪ್ರಿಲ್. ಆಗ ಬೇಗೆ ತಗ್ಗಿರುತ್ತದೆ, ಹವೆಯೂ ವಸಂತದ ಅಕ್ಟೋಬರ್‌ನಷ್ಟು ಚಂಚಲವಾಗಿರುವುದಿಲ್ಲ. ಹಿಮ ನೋಡಬೇಕೆಂದಿದ್ದರೆ ಜುಲೈ ಅಥವಾ ಆಗಸ್ಟ್‌ನಲ್ಲಿ ಬೆಟ್ಟಗಳಿಗೆ ಹೋಗಿ. ಜನವರಿಯೇ ಅನಿವಾರ್ಯವಾದರೆ, ಹಿಂದಿನ ರಾತ್ರಿ ಹವಾಮಾನ ಇಲಾಖೆಯ ಮುನ್ಸೂಚನೆಯಲ್ಲಿ ಉಷ್ಣಾಂಶದ ಜೊತೆಗೆ ಗಾಳಿಯ ದಿಕ್ಕನ್ನೂ, ಅದು ತಿರುಗುವ ಹೊತ್ತನ್ನೂ ನೋಡಿಕೊಂಡು, ಬೆಳಗ್ಗೆ ಎಷ್ಟೇ ಸೆಕೆಯಿದ್ದರೂ ಚೀಲದಲ್ಲಿ ಒಂದು ಬೆಚ್ಚನೆಯ ಉಡುಪನ್ನು ಇಟ್ಟುಕೊಂಡೇ ಹೊರಡಿ.