ಆಡಳಿತ ಖರ್ಚು ಕಡಿಮೆ ಇರುವ ಪರಿಸರ ಸಂಸ್ಥೆ ಯಾವುದು? ತಿಂಗಳಿಗೆ ಸಾವಿರ ರೂಪಾಯಿ ಕೊಡಬೇಕು ಅಂತಿದ್ದೇನೆ

2018ರಲ್ಲಿ ನಾನೂ ಇದನ್ನೇ ಹುಡುಕುತ್ತಿದ್ದೆ. ಸಿಕ್ಕಿತು ಕೂಡ. 'ನಿಮ್ಮ ದುಡ್ಡಲ್ಲಿ ಒಂದು ಪೈಸೆಯೂ ಸಂಬಳಕ್ಕೆ ಹೋಗುವುದಿಲ್ಲ, ಪೂರ್ತಿ ಗಿಡಕ್ಕೇ' ಎಂದು ಒಂದು ಸಂಸ್ಥೆಯವರು ಹೇಳಿದರು. ಗಿಡಕ್ಕೆ 60 ರೂಪಾಯಿ. ಅಪ್ಪ ತೀರಿಕೊಂಡು ವರ್ಷವಾಗಿತ್ತು. ಅವರ ನೆನಪಿಗೆ 300 ಗಿಡ ಅಂತ 18,000 ಕೊಟ್ಟೆ.

ಜಾಗ ಶಿರಾ ಹತ್ತಿರದ ಒಂದು ಗೋಮಾಳ. ಜೂನ್ 5, ಪರಿಸರ ದಿನ. ಹೊಂಗೆ, ಬೇವು, ನೇರಳೆ ನೆಟ್ಟೆವು. ಅಮ್ಮ ಒಂದು ಬೇವಿನ ಸಸಿಗೆ ಚೊಂಬಲ್ಲಿ ನೀರು ಹಾಕಿದರು. ಮುಂದಿನ ಮೇನಲ್ಲಿ ಅವರನ್ನೇ ಕರೆದುಕೊಂಡು ಹೋದೆ. ಸಾಲು ಸಾಲು ಗುಂಡಿ, ಒಣಗಿದ ಕಡ್ಡಿ. ಎಣಿಸಿದೆ. ಬದುಕಿದ್ದದ್ದು 11. 'ನೀರು ಹಾಕೋರು ಯಾರೂ ಇರಲಿಲ್ವಾ?' ಎಂದು ಅಮ್ಮ ಕೇಳಿದರು.

ಇರಲಿಲ್ಲ. ನನ್ನ ತಪ್ಪೆಲ್ಲ ಅಲ್ಲೇ ಇದೆ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆ 60 ರೂಪಾಯಿಯಲ್ಲಿ ಸಸಿ ಇತ್ತು, ಗುಂಡಿ ಇತ್ತು, ಗೊಬ್ಬರ, ಬೋರ್ಡು ಎಲ್ಲ ಇತ್ತು. ಮನುಷ್ಯ ಇರಲಿಲ್ಲ. ಶಿರಾ ಸೀಮೆಯಲ್ಲಿ ಮಳೆ ಕೈಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜೂನ್ ಮೊದಲ ವಾರ ನೆಟ್ಟರೆ ಮುಂದೆ ಬರೀ ಗಾಳಿ. ಹೇಗೋ ಬದುಕಿದರೂ ಎರಡು ಮೂರು ಬೇಸಿಗೆ ದಾಟಿಸಬೇಕು. ಟ್ಯಾಂಕರ್ ನೀರು ಬೇಕು, ಮುಳ್ಳು ಬೇಲಿ ಬೇಕು, ಕಾಯಲು ಒಂದು ಆಳು ಬೇಕು. ಆ ಆಳಿನ ಕೂಲಿಯನ್ನೇ ಲೆಕ್ಕದ ಪುಸ್ತಕದಲ್ಲಿ ಸಂಬಳ ಅಂತ ಬರೆಯುವುದು. ಅದು ಇಲ್ಲದ ಸಂಸ್ಥೆಯನ್ನೇ ನಾನು ಹುಡುಕಿ ಹುಡುಕಿ ಆರಿಸಿದ್ದೆ. ಅಲ್ಲೇ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಅಂದರು: 'ಇದು ಹುಲ್ಲಿನ ಜಾಗ ಕಣಪ್ಪ, ಕುರಿ ಮೇಯದೆ ಬಿಡ್ತಾವಾ? ಕೇಳಿದ್ರೆ ಕೆರೆ ಏರಿ ಪಕ್ಕ ತೋರಿಸ್ತಿದ್ವಿ.' ಊರವರ ಜೊತೆ ಕೂತು ಹೀಗೆ ಕೇಳಲೂ ಯಾರಾದರೂ ಬೇಕು. ಅವರಿಗೂ ಸಂಬಳ ಬೇಕು, ಅಲ್ವಾ?

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಆಡಳಿತ ಖರ್ಚು ಕಡಿಮೆ ಇದ್ದರೆ ಕೆಲಸ ಒಳ್ಳೆಯದು ಅಂತ ಅರ್ಥವಲ್ಲ. ವಿದೇಶಿ ದೇಣಿಗೆಯಲ್ಲಿ ಆಡಳಿತಕ್ಕೆ ಖರ್ಚು ಮಾಡಬಹುದಾದ ಮಿತಿಯನ್ನು 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿ ಶೇ 50ರಿಂದ 20ಕ್ಕೆ ಇಳಿಸಿತು. ಆ ದುಡ್ಡನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವುದನ್ನೂ ತಡೆಯಿತು. ದೊಡ್ಡ ಸಂಸ್ಥೆಗಳ ಮೂಲಕ ತಾಲ್ಲೂಕಿನ ಸಣ್ಣ ಗುಂಪುಗಳಿಗೆ ದುಡ್ಡು ಬರುತ್ತಿದ್ದ ದಾರಿ ಮುಚ್ಚಿತು. ನಮ್ಮಂಥವರ ತಿಂಗಳ ರೂಪಾಯಿ ಅವರಿಗೆ ಈಗ ಜಾಸ್ತಿ ಬೇಕು.

ನಾನು ಐದು ವರ್ಷದಿಂದ ಅಂಥದ್ದೇ ಒಂದು ಗುಂಪಿಗೆ ತಿಂಗಳಿಗೆ 1,500 ಕೊಡುತ್ತಿದ್ದೇನೆ. ಸಂಬಳಕ್ಕೇ ಬಳಸಿ ಅಂತ ಹೇಳಿಯೇ ಕೊಡುತ್ತೇನೆ. ಕೆರೆಗೆ ನೀರು ತರುವ ಹಳೇ ಕಾಲುವೆಗಳನ್ನು ಅವರು ಊರವರ ಜೊತೆ ಸೇರಿ ಬಿಡಿಸುತ್ತಾರೆ. ಹೆಸರಾದ ಸಂಸ್ಥೆಯೇ ಬೇಕು ಅಂದರೆ, ಗೋಮಾಳ, ಕೆರೆಗಳ ಕೆಲಸಕ್ಕೆ ಫೌಂಡೇಶನ್ ಫಾರ್ ಇಕಾಲಜಿಕಲ್ ಸೆಕ್ಯುರಿಟಿ ಇದೆ. ಹಳ್ಳಿ ಆಸ್ಪತ್ರೆಗಳಿಗೆ ಸೋಲಾರ್ ಹಾಕಿಸುವ ಸೆಲ್ಕೊ ಫೌಂಡೇಶನ್ ಇದೆ. ದೇಣಿಗೆಗೆ ಆದಾಯ ತೆರಿಗೆಯಲ್ಲಿ ಕೊಡುವ 80ಜಿ ರಿಯಾಯಿತಿ ಹೊಸ ತೆರಿಗೆ ಪದ್ಧತಿಯಲ್ಲಿ ಸಿಗುವುದಿಲ್ಲ, ಅದನ್ನು ನೆಚ್ಚಿಕೊಂಡು ಕೊಡಬೇಡಿ.

ಯಾರಿಗೇ ಕೊಡಿ, ಮೊದಲು ಒಂದು ಮಾತು ಕೇಳಿ: ಮೂರು ವರ್ಷದ ಹಿಂದೆ ಮಾಡಿದ ಕೆಲಸ ತೋರಿಸ್ತೀರಾ? ಹೂಂ ಅಂದರೆ ಹೋಗಿ ನೋಡಿ ಬನ್ನಿ. ಮೇ ತಿಂಗಳಲ್ಲಿ ಹೋಗಿ, ಜೂನ್ 5ಕ್ಕೆ ಬೇಡ.