26.3 ಬೇರೆ ಸ್ಟೇಶನ್ನಾ?

ಶಿಕಾಗೋದಲ್ಲಿ ಆಂಟೆನಾ ಹಾಕಿದರೆ ಟಿವಿಯಲ್ಲಿ 26.1ರ ಜೊತೆ 26.3ರಲ್ಲಿ ಹಳೇ ಧಾರಾವಾಹಿಗಳ ಚಾನೆಲ್ ಮೀಟಿವಿ ಬರುತ್ತದಲ್ಲ, ಅದು ಬೇರೆ ಸ್ಟೇಶನ್ನಾ ಅಂತ ಕೇಳಿದ್ದೀರಿ. ಅಲ್ಲ, ಎರಡೂ ಬರುವುದು 26ನೇ ಚಾನೆಲ್‌ನ ಡಬ್ಲ್ಯೂಸಿಐಯು ಅನ್ನೋ ಒಂದೇ ಸ್ಟೇಶನ್ನಿನಿಂದ. ವೈಗಲ್ ಕಂಪನಿ ಅದನ್ನು 1964ರಲ್ಲಿ ಶುರುಮಾಡಿತು.

ಮೀಟಿವಿ ಹುಟ್ಟಿದ್ದು 2005ರಲ್ಲಿ, ಅದೇ ಕಂಪನಿಯ 23ನೇ ಚಾನೆಲ್‌ನಲ್ಲಿ. ಅದು ಕಡಿಮೆ ಶಕ್ತಿಯ ಸ್ಟೇಶನ್, ದೂರದ ಉಪನಗರಗಳಿಗೆ ಸರಿಯಾಗಿ ಮುಟ್ಟುತ್ತಿರಲಿಲ್ಲ. ಅಲ್ಲೇ ಡಿಜಿಟಲ್ ಕೈಹಿಡಿದದ್ದು. ಹಳೇ ಅನಲಾಗ್ ಪ್ರಸಾರದಲ್ಲಿ ಒಂದು ಸ್ಟೇಶನ್ನಿಗೆ ಸಿಗುವ 6 ಮೆಗಾಹರ್ಟ್ಸ್ ತರಂಗದ ಜಾಗಕ್ಕೆ ಒಂದೇ ಚಾನೆಲ್. ಡಿಜಿಟಲ್‌ನಲ್ಲಿ ಅಷ್ಟೇ ಜಾಗದಲ್ಲಿ ಸೆಕೆಂಡಿಗೆ ಸುಮಾರು 19 ಮೆಗಾಬಿಟ್ ಮಾಹಿತಿ ಹೋಗುತ್ತದೆ. ಮುಖ್ಯ ಚಾನೆಲ್ ಎಚ್‌ಡಿಯಲ್ಲಿ ಕೊಟ್ಟ ಮೇಲೂ ಜಾಗ ಉಳಿಯುತ್ತದೆ. ಹಾಗಾಗಿ 23ರ ಕಾರ್ಯಕ್ರಮವನ್ನೇ 26ರ ದೊಡ್ಡ ಪ್ರಸಾರದೊಳಗೆ ಕೂರಿಸಿದರು, ಇಡೀ ಊರಿಗೆ ತಲುಪಿತು. 2009ರ ಜೂನ್ 12ಕ್ಕೆ ಅಮೆರಿಕದ ದೊಡ್ಡ ಸ್ಟೇಶನ್‌ಗಳ ಅನಲಾಗ್ ಪ್ರಸಾರ ನಿಂತಿತು. 2010ರ ಡಿಸೆಂಬರ್ 15ರಂದು ಮೀಟಿವಿ ದೇಶಕ್ಕೆಲ್ಲ ಹೋಯಿತು, ಹೆಚ್ಚಿನ ಊರುಗಳಲ್ಲಿ ಹೀಗೇ ಸ್ಥಳೀಯ ಸ್ಟೇಶನ್ನಿನ ಉಪವಾಹಿನಿಯಾಗಿ, ಅಂದರೆ ಅದರ ಪ್ರಸಾರದೊಳಗೇ ಇನ್ನೊಂದು ಚಾನೆಲ್ ಆಗಿ. ಒಂದು ಊರಿನ ಹಳೇ ಧಾರಾವಾಹಿಗಳ ಚಾನೆಲ್ ಅಷ್ಟು ಬೆಳೆದದ್ದು ನನಗೆ ಇವತ್ತಿಗೂ ಖುಷಿಯ ವಿಷಯ.

ಚಾನೆಲ್ ಕಾಣದಿದ್ದರೆ ಟಿವಿಯಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ ನೋಡಿ.