ಹಳೇ ಮಾಲೀಕರ ಹೆಸರಲ್ಲೇ ಖಾತೆ ಇದ್ದರೂ ತೆರಿಗೆ ಕಟ್ಟಬಹುದು

ಮಂಗಳೂರಿನ ಕದ್ರಿಯಲ್ಲಿ ಹಳೇ ಮನೆ ತಗೊಂಡಿದ್ದೀರಿ, ಖಾತೆ (ಪಾಲಿಕೆಯ ಆಸ್ತಿ ದಾಖಲೆ) ಇನ್ನೂ ಹಿಂದಿನವರ ಹೆಸರಲ್ಲಿದೆ, ಹಾಗಾಗಿ ಆಸ್ತಿ ತೆರಿಗೆ ಕಟ್ಟೋದಕ್ಕೆ ಕಾಯಬೇಕಾ ಅಂತ ಕೇಳಿದ್ದೀರಿ. ಬೇಡ ಮಾರಾಯ್ರೆ, ಸುಮ್ನೆ ಕಾಯಬೇಡಿ. ತೆರಿಗೆ ಆಸ್ತಿಯ ಮೇಲೆ ಬರುವುದು, ಆಸ್ತಿ ಸಂಖ್ಯೆ ಇದ್ದರೆ ಹಳೇ ಹೆಸರಲ್ಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಆ ರಸೀದಿ ಮುಂದೆ ಖಾತೆ ಬದಲಾವಣೆಗೂ ಬೇಕಾಗುತ್ತದೆ.

ಏಪ್ರಿಲ್‌ನಲ್ಲಿ ಇಡೀ ವರ್ಷದ್ದು ಒಟ್ಟಿಗೆ ಕಟ್ಟಿದರೆ 5% ರಿಯಾಯಿತಿ ಇದೆ (ಕೆಲವು ವರ್ಷ ಸರ್ಕಾರ ಈ ಅವಧಿಯನ್ನು ವಿಸ್ತರಿಸುವುದೂ ಉಂಟು). ಜೂನ್ 30ರವರೆಗೆ ದಂಡ ಇಲ್ಲ, ಆಮೇಲೆ ತಿಂಗಳಿಗೆ 2% ಏರುತ್ತಾ ಹೋಗುತ್ತದೆ.

ಅದಕ್ಕಿಂತ ಮುಖ್ಯ ಹಿಂದಿನ ಬಾಕಿ. ಅದು ಹಳೇ ಮಾಲೀಕರ ಜೊತೆ ಹೋಗುವುದಿಲ್ಲ, ಆಸ್ತಿಗೇ ಅಂಟಿಕೊಂಡಿರುತ್ತದೆ, ಆದ್ದರಿಂದ ಅವರ ಹತ್ತಿರ ಹಳೇ ರಸೀದಿಗಳನ್ನು ಕೇಳಿ ಇಸ್ಕೊಳ್ಳಿ, ಇಲ್ಲದಿದ್ದರೆ ಲಾಲ್‌ಬಾಗ್‌ನ ಮಂಗಳೂರು ಮಹಾನಗರ ಪಾಲಿಕೆ ಕಚೇರಿಯಲ್ಲಿ ಯಾವ ವರ್ಷದ್ದು ಬಾಕಿ ಇದೆ ಅಂತ ವಿಚಾರಿಸಿ.

ಪಕ್ಕದ ಮನೆಯವರಿಗೆ ಕಡಿಮೆ, ನಮಗೆ ಯಾಕೆ ಜಾಸ್ತಿ ಅಂದಿರಲ್ವಾ? ಇದು ಸ್ವಯಂ ಘೋಷಣೆ ಪದ್ಧತಿ, ಅಂದರೆ ಆಸ್ತಿಯ ವಿವರವನ್ನು ಮಾಲೀಕರೇ ಫಾರಂನಲ್ಲಿ ತುಂಬಿ ತೆರಿಗೆ ಕಟ್ಟುವುದು. ಜಾಗದ ಮಾರ್ಗಸೂಚಿ ದರ (ಸರ್ಕಾರ ನಿಗದಿ ಮಾಡಿದ ಬೆಲೆ), ಕಟ್ಟಡದ ಅಳತೆ, ಎಷ್ಟು ವರ್ಷ ಹಳೆಯದು, ವಾಸಕ್ಕಾ ವ್ಯಾಪಾರಕ್ಕಾ ಎಲ್ಲ ಸೇರಿ ಲೆಕ್ಕ. ಹಳೇ ಕಟ್ಟಡಕ್ಕೆ ಸವಕಳಿ (ಹಳೆಯದಾದಷ್ಟೂ ಇಳಿಯುವ ಬೆಲೆ) ಕಳೆಯುತ್ತಾರೆ, ಹಾಗಾಗಿ ಫಾರಂನಲ್ಲಿ ಕಟ್ಟಿದ ವರ್ಷ ಸರಿಯಾಗಿದೆಯಾ ಮೊದಲು ನೋಡಿ, ಹೆಚ್ಚಾಗಿ ಎಡವಟ್ಟು ಅಲ್ಲೇ ಇರುತ್ತದೆ. ತೆರಿಗೆಯ ಮೇಲೆ ಆರೋಗ್ಯ ಕರ 15%, ಗ್ರಂಥಾಲಯ ಕರ 6%, ಭಿಕ್ಷುಕರ ಕರ 3% ಸೇರುತ್ತವೆ, ಕಸದ ಶುಲ್ಕ ಬೇರೆ. ಅದನ್ನೆಲ್ಲ ಪ್ರಶ್ನಿಸಿ ಪ್ರಯೋಜನವಿಲ್ಲ, ಎಲ್ಲರಿಗೂ ಇದೆ.